ರೂಪಶ್ರೀ ಇರುವ ಊರು

ಹಂಗಳ
18 ನವೆಂಬರ್ 2024

ಮಂಗಳಗೌರಿಗೆ,

ನನ್ನ ಅಕ್ಷರ ನೋಡಿ ಲಕೋಟೆ ಒಡೆಯದೆ ಎಸೆದುಬಿಡಬೇಡ. ಅಣ್ಣನ ಮದುವೆಯ ದಿನದಿಂದ ನಾವು ಮಾತಾಡಿಲ್ಲ. ಅವತ್ತು ಛತ್ರದಲ್ಲಿ ನೀನು ಕೈತೊಳೆಯುವ ನಲ್ಲಿಯ ಹತ್ತಿರ ನನ್ನನ್ನು ನಿಲ್ಲಿಸಿ, "ಪವಿ, ನಿಮ್ಮಣ್ಣ ಲಾರಿ ಕ್ಲೀನರ್‌ನ ಹಲ್ಲು ಉದುರಿಸಿದ್ದು ಊರಿಗೆಲ್ಲ ಗೊತ್ತು. ಈ ಹುಡುಗಿಗೆ ಗೊತ್ತಾ?" ಎಂದು ಕೇಳಿದೆ. ಊಟ ಮಾಡಿಕೊಂಡು ಹೋಗು ಎಂದಷ್ಟೇ ನಾನು ಹೇಳಿದೆ. ನೀನು ಊಟ ಮಾಡದೆ ಹೋದೆ.

ಫೋನು ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣವಿದೆ. ಸಂಜೆ ಕೆಲಸದಿಂದ ಬಂದ ಕೂಡಲೇ ಅಣ್ಣ ನನ್ನ ಫೋನು ಇಸಕೊಂಡು ಯಾರ ಜೊತೆ ಮಾತಾಡಿದ್ದೇನೆಂದು ನೋಡುತ್ತಾನೆ. ಉತ್ತರ ಬರೆಯುವುದಾದರೆ ಲಕೋಟೆಯ ಹಿಂದಿರುವ ಆರೋಗ್ಯ ಕೇಂದ್ರದ ವಿಳಾಸಕ್ಕೆ ಬರಿ. ಗುಂಡ್ಲುಪೇಟೆಯಲ್ಲಿದೆ. ಬಸುರಿ ಬಾಣಂತಿಯರ ವಿವರಗಳನ್ನು ಕಂಪ್ಯೂಟರಿಗೆ ತುಂಬುವುದು ನನ್ನ ಕೆಲಸ.

ಅತ್ತಿಗೆ ಮನೆಯಲ್ಲಿಲ್ಲ. ರೂಪಶ್ರೀ. ಅವಳಿಗೆ ನಾಲ್ಕು ತಿಂಗಳು.

ಅವಳು ಚಾಮರಾಜನಗರಕ್ಕೆ ಬಂದು ಆಪ್ತಸಮಾಲೋಚನೆಗೆ ನಿನ್ನನ್ನು ಕಾಣುತ್ತಿದ್ದಳೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆಂದು ಹೇಳುತ್ತಿದ್ದಳು. ಹೋದ ವಾರ ನಿನ್ನ ಕಚೇರಿಯಿಂದ ಅವಳ ನಂಬರಿಗೆ ಫೋನು ಬಂತು. ಅವಳು ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅಣ್ಣ ಎತ್ತಿಕೊಂಡ. ಆಚೆ ಕಡೆಯಿಂದ ಒಬ್ಬ ಹೆಂಗಸು, ಸೋಮಮ್ಮ ಅಂತೆ, "ನಾಳೆ ಹನ್ನೊಂದಕ್ಕೆ ಮೇಡಂ ಸಿಕ್ತಾರೆ, ಮರೀಬ್ಯಾಡಿ ಅಂತ ಹೇಳ್ಬುಡಿ" ಎಂದಳು. ಅಣ್ಣ ಬೆಣ್ಣೆಯಂಥ ದನಿಯಲ್ಲಿ, "ಹೇಳ್ತೀನಿ ಕಣಮ್ಮ, ಯಾವ್ ಮೇಡಂ? ಯಾತಕ್ಕೆ?" ಎಂದ. ಆ ಹೆಂಗಸು ಎಲ್ಲ ಹೇಳಿದಳು.

ಆಮೇಲೆ ಅಡುಗೆಮನೆಯಲ್ಲಿ ಅವನು ಅವಳ ಜಡೆಯನ್ನು ಕೈಗೆ ಸುತ್ತಿಕೊಂಡು ಗೋಡೆಗೆ ಗುದ್ದಿಸಿದ. ಒಂದು ಸಲ ಗುದ್ದಿಸಿದಾಗಲೂ ಒಂದು ಪ್ರಶ್ನೆ. "ಏನೇನ್ ಹೇಳ್ದೆ? ನನ್ ಹೆಸ್ರು ಹೇಳ್ದಾ? ಮಲಗೋ ಕೋಣೆ ವಿಚಾರ್ವೂ ಹೇಳ್ದಾ?" ಅವಳು ಎರಡು ಕೈಯಲ್ಲೂ ಹೊಟ್ಟೆ ಮುಚ್ಚಿಕೊಂಡಿದ್ದರಿಂದ ಮುಖ ಕಾಯ್ದುಕೊಳ್ಳಲು ಕೈ ಉಳಿದಿರಲಿಲ್ಲ. ಅವ್ವ ಟಿವಿ ಸೌಂಡು ಜಾಸ್ತಿ ಮಾಡಿದಳು. ನಾನು ಬಾಗಿಲ ಆಚೆ ನಿಂತಿದ್ದೆ. ಗೋಡೆಯ ಸುಣ್ಣದ ಮೇಲೆ ರಕ್ತದ ಜೊತೆ ಕೂದಲು ಅಂಟಿಕೊಂಡಿತ್ತು. ಅದನ್ನು ಕೆರೆದು ತೆಗೆದವಳು ನಾನೇ.

ಬೆಳಿಗ್ಗೆ ಹಿತ್ತಿಲಿಗೆ ಹೋದವಳು ಬರಲಿಲ್ಲ.

ಎಲ್ಲಿದ್ದಾಳೆಂದು ಕೇಳುತ್ತಿಲ್ಲ. ಇದ್ದಾಳೋ ಇಲ್ಲವೋ, ಅಷ್ಟು ಬರಿ. ಒಂದೇ ಅಕ್ಷರ ಸಾಕು.

ಪವಿತ್ರ


ಚಾಮರಾಜನಗರ
23 ನವೆಂಬರ್ 2024

ಪವಿ,

ನಿನ್ನ ಕಾಗದವನ್ನು ನಿಂತುಕೊಂಡೇ ಓದಿದೆ. ಆಮೇಲೆ ಕೂತು ಓದಿದೆ.

ನೀನು ಕೇಳಿದ ಒಂದು ಅಕ್ಷರವನ್ನು ನಾನು ಬರೆಯಲಾರೆ. ನನ್ನ ಮಹಡಿ ಹತ್ತಿ ಯಾರು ಬರುತ್ತಾರೆ ಎಂದು ಹೇಳುವುದಿಲ್ಲ, ಯಾರು ಬರುವುದಿಲ್ಲ ಎಂದೂ ಹೇಳುವುದಿಲ್ಲ. ಇವತ್ತು ಒಬ್ಬರ ವಿಷಯದಲ್ಲಿ "ಇಲ್ಲ, ಬಂದಿಲ್ಲ" ಎಂದು ಬಾಯಿಬಿಟ್ಟರೆ, ನಾಳೆ ಇನ್ನೊಬ್ಬರ ವಿಷಯದಲ್ಲಿ ನಾನು ಸುಮ್ಮನಿದ್ದದ್ದು "ಹೌದು" ಎಂದಾಗುತ್ತದೆ. ಆ ಇನ್ನೊಬ್ಬರ ಗಂಡ ಬಾಗಿಲ ಬಳಿ ನಿಂತಿರುತ್ತಾನೆ. ಆದ್ದರಿಂದ ನೀನು ಬರೆದ ಹೆಸರಿನವರು ನನಗೆ ಗೊತ್ತೆಂದೂ ಇಲ್ಲ, ಗೊತ್ತಿಲ್ಲವೆಂದೂ ಇಲ್ಲ.

ಒಂದು ಮಾತ್ರ ತಿಳಿಸುತ್ತೇನೆ. ನನ್ನ ಕಚೇರಿಯಿಂದ ಇನ್ನು ಮುಂದೆ ಯಾರಿಗೂ ನೆನಪಿಸುವ ಫೋನು ಹೋಗುವುದಿಲ್ಲ. ಬರುವವರೇ ನೆನಪಿಟ್ಟುಕೊಂಡು ಬರಬೇಕು. ಯಾರಾದರೂ ಫೋನಿನಲ್ಲಿ ಯಾರ ಹೆಸರು ಹೇಳಿದರೂ "ನಮಗೆ ತಿಳಿಯದು" ಎಂದೇ ಉತ್ತರ. ಇದು ಮೊದಲ ದಿನದಿಂದಲೇ ಇರಬೇಕಿತ್ತು. ಇದರಿಂದ ನೀನು ಏನನ್ನೂ ಊಹಿಸಿಕೊಳ್ಳಬೇಡ.

ನೀನು ಬಾಗಿಲ ಆಚೆ ನಿಂತಿದ್ದೆ ಎಂದು ಬರೆದೆಯಲ್ಲ, ಅದನ್ನು ಓದಿ ಎರಡು ದಿನದಿಂದ ನಿನ್ನ ಮೇಲೆ ಸಿಟ್ಟು. ಅದನ್ನು ಮುಚ್ಚಿಟ್ಟು ಬರೆಯುವಷ್ಟು ದೊಡ್ಡವಳಲ್ಲ ನಾನು. ಆದರೂ ಬರೆದೆಯಲ್ಲ, ಅದಕ್ಕೆ ಉತ್ತರಿಸುತ್ತಿದ್ದೇನೆ.

ನಿನ್ನ ಮೇಲೆ ಅವನು ಕೈ ಎತ್ತುತ್ತಾನಾ?

ಮಂಗಳಗೌರಿ


ಹಂಗಳ
9 ಡಿಸೆಂಬರ್ 2024

ಗೌರಿ,

ನಿನ್ನ ನಿಯಮ ನಿನ್ನ ಹತ್ತಿರವೇ ಇರಲಿ. ಇಲ್ಲಿ ಏನು ನಡೆಯುತ್ತಿದೆ ಗೊತ್ತಾ?

ಮಂಗಳವಾರ ಅಣ್ಣ ಸಂತೆಮರಹಳ್ಳಿಗೆ ಹೋದ. ಅತ್ತಿಗೆಯ ಅಪ್ಪ ರಾಜಶೇಖರ್ ಅವರು ಅಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಸಾಧು ಮನುಷ್ಯ, ಎದೆ ಮೇಲೆ ಲಿಂಗದ ಕರಡಿಗೆ, ಮಾತಾಡಿದರೆ ಕೇಳಿಸುವುದೇ ಕಷ್ಟ. ಸಂತೆಗೆ ಬಂದ ಜನರ ಮುಂದೆ ಅಣ್ಣ ಅವರ ಕೊರಳ ಟವೆಲನ್ನು ಹಿಡಿದು ಅಂಗಡಿಯಿಂದ ಎಳೆದು, ಬಸ್ಸು ನಿಲ್ಲುವ ಕಡೆಯವರೆಗೆ ಮಣ್ಣಿನಲ್ಲಿ ಎಳಕೊಂಡು ಹೋದನಂತೆ. "ಮಗ್ಳ ಬಚ್ಚಿಟ್ಕಂಡು ಯಾಪಾರ ಮಾಡ್ತೀಯಾ?" ಅವರು ಗೊತ್ತಿಲ್ಲ ಎಂದಷ್ಟು ಸಲ ಪಕ್ಕೆಗೆ ಒದ್ದಿದ್ದಾನೆ. ಅವರಿಗೆ ನಿಜವಾಗಿಯೂ ಗೊತ್ತಿಲ್ಲ. ಎರಡು ಎಲುಬು ಮುರಿದಿವೆ. ಅಳಿಯನ ಮೇಲೆ ಕಂಪ್ಲೇಂಟು ಕೊಟ್ಟರೆ ಮಗಳ ಮಾನ ಹೋಗುತ್ತದೆಂದು ಸುಮ್ಮನಾಗಿದ್ದಾರೆ.

ಒಂದು ಅಕ್ಷರ ನೀನು ಬರೆದಿದ್ದರೆ, ಆ ಮುದುಕನಿಗೆ ಗುಟ್ಟಾಗಿ ಹೇಳಿ ಬರುತ್ತಿದ್ದೆ. ಮಗಳು ಬದುಕಿದ್ದಾಳೆ ಎಂಬ ಧೈರ್ಯದಲ್ಲಾದರೂ ಅವರು ಒದೆ ತಿನ್ನುತ್ತಿದ್ದರು.

ಅವ್ವ ಸರಿಯಾಗಿ ಉಣ್ಣುತ್ತಿಲ್ಲ. "ಹಾಳಾದೋಳು, ಮನೆ ಮುರುದ್ಲು" ಎಂದು ಬೈಯುತ್ತಾಳೆ. ಬೈದು ಮುಗಿಸಿ, "ಅವ್ಳ್ಗೆ ಬಿಸಿನೀರು ಕಾಯ್ಸಿ ಕೊಡಾರು ಯಾರವ್ರೋ" ಎನ್ನುತ್ತಾಳೆ.

ನಿನ್ನ ಪ್ರಶ್ನೆಗೆ ಉತ್ತರ: ನನ್ನನ್ನು ಅವನು ಮುಟ್ಟುವುದಿಲ್ಲ. ತಂಗಿ ಅಂತ.

ಹುಷಾರಾಗಿರು. ಆ ಫೋನು ಬಂದ ನಂಬರಿನಿಂದ ನಿನ್ನ ಜಾಗ ಹುಡುಕಿದ್ದಾನೆ. ಇವತ್ತು ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಅವ್ವನ ಹತ್ತಿರ ನಯವಾಗಿ ಮಾತಾಡಿದ. ಅವನು ಕೂಗಾಡುವಾಗ ನನಗೆ ಭಯವಾಗುವುದಿಲ್ಲ. ಹೀಗಿದ್ದಾಗ ಆಗುತ್ತದೆ.

ಪವಿತ್ರ


ಚಾಮರಾಜನಗರ
11 ಜನವರಿ 2025

ಪವಿ,

ಅಕ್ಷರ ಸೊಟ್ಟಗಿದೆ, ತಾಳ್ಮೆಯಿಂದ ಓದಿಕೋ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬೇರೆಯವರಿಂದ ಬರೆಸಬಹುದಿತ್ತು, ಬೇಡವೆನಿಸಿತು.

ನಿನ್ನ ಎಚ್ಚರಿಕೆಯ ಕಾಗದ ಬಂದ ಮೇಲೆ ಬಾಗಿಲಿಗೆ ಕಬ್ಬಿಣದ ಅಗುಳಿ ಹಾಕಿಸಿದ್ದೆ. ಪೊಲೀಸ್ ಠಾಣೆಗೂ ಒಂದು ಮಾತು ಹೇಳಿದ್ದೆ. ನಿಮ್ಮಣ್ಣ ಒಂದು ಮಧ್ಯಾಹ್ನ ಬಂದ, ಡಿಸೆಂಬರ್ ಕೊನೆಯಲ್ಲಿ. ಲಾರಿ ಚಕ್ರದ ನಟ್ಟು ಬಿಚ್ಚುವ ಸ್ಪ್ಯಾನರ್ ಕೈಯಲ್ಲಿತ್ತು. ನನ್ನ ಮುಂದೆ ಒಬ್ಬರು ಕೂತು ಮಾತಾಡುತ್ತಿದ್ದರು. ಅವರು ಗಂಡಸೋ ಹೆಂಗಸೋ ಎಂದೂ ನಿನಗೆ ಹೇಳುವುದಿಲ್ಲ. ಅವರನ್ನು ಹಿಂದಿನ ಸ್ನಾನದ ಮನೆಗೆ ತಳ್ಳಿ ಚಿಲಕ ಹಾಕುವಷ್ಟರಲ್ಲಿ ಬಾಗಿಲು ಒಡೆದಿತ್ತು.

ಸೋಮಮ್ಮ ಅಡ್ಡ ನಿಂತಳು. ಈ ಕೋಣೆಯ ಕಸ ಗುಡಿಸಿ, ಬಂದವರಿಗೆ ನೀರು ಕೊಟ್ಟು, ಫೋನು ನೋಡಿಕೊಳ್ಳುವವಳು ಅವಳು. ಅವಳನ್ನು ಕುರ್ಚಿಯಲ್ಲಿ ಹೊಡೆದ. ಹಣೆ ಸೀಳಿತು.

"ಎಲ್ಲವ್ಳೆ?" ಎಂದ.

"ನನ್ನ ಹತ್ರ ಯಾರು ಬರ್ತಾರೆ, ಯಾರು ಬರಲ್ಲ ಅಂತ ನಾನು ಯಾರಿಗೂ ಹೇಳಲ್ಲ."

"ನಾನ್ ಯಾರೋ ಅಲ್ಲ ಕಣಮ್ಮಿ. ಗಂಡ."

"ಗಂಡನಿಗೂ ಹೇಳಲ್ಲ."

ನನ್ನ ಬಲಗೈಯನ್ನು ಮೇಜಿನ ಮೇಲೆ ಅಂಗೈ ಕೆಳಗಾಗಿ ಒತ್ತಿ ಹಿಡಿದ. ಪ್ರತಿ ಸಲವೂ ಮೊದಲು ಕೇಳುತ್ತಿದ್ದ, ಆಮೇಲೆ ಹೊಡೆಯುತ್ತಿದ್ದ. ಮೊದಲ ಏಟಿಗೆ ನಾನು ಕಿರುಚಿದೆ. ಎರಡನೆಯದಕ್ಕೆ ಬಟ್ಟೆಯಲ್ಲೇ ಉಚ್ಚೆ ಹೋಯಿತು. ಇದನ್ನು ಬರೆಯಬಾರದೆಂದುಕೊಂಡಿದ್ದೆ. ಆದರೆ ನಾನು ಧೀರೆಯಂತೆ ನಿಂತಿದ್ದೆ ಎಂದು ನೀನು ತಿಳಿಯುವುದು ಬೇಡ. ಮೂರನೆಯ ಸಲ ಕೇಳಿದಾಗ ಹೇಳಿಬಿಡಬೇಕೆಂಬ ಆಸೆ ನಾಲಿಗೆಯ ತುದಿಗೆ ಬಂದಿತ್ತು. ಹೇಳಲು ನನಗೆ ಏನಾದರೂ ಗೊತ್ತಿತ್ತೇ ಇಲ್ಲವೇ ಎಂಬುದು ಬೇರೆ ಮಾತು. ಆ ನೋವಿನಲ್ಲಿ ಯಾರ ಹೆಸರನ್ನಾದರೂ ಹೇಳಿಬಿಡುತ್ತಿದ್ದೆನೋ ಏನೋ. ಮೂಳೆ ಒಡೆದ ಸದ್ದು ಕೇಳಿ ವಾಂತಿಯಾಯಿತು, ಮಾತು ಅಲ್ಲಿಗೆ ನಿಂತಿತು.

ಆಮೇಲೆ ಬೀರುವಿನ ಬೀಗ ಒಡೆದು ಕಡತಗಳನ್ನು ತೆಗೆದ. ಅವುಗಳ ಮೇಲೆ ಹೆಸರಿಲ್ಲ, ಬರೀ ಸಂಖ್ಯೆ. ಯಾರದು ಯಾವುದೆಂದು ತಿಳಿಯದೆ ರೊಚ್ಚಿಗೆದ್ದು ಎಲ್ಲವನ್ನೂ ಕಿಟಕಿಯಿಂದ ರಸ್ತೆಗೆ ಎಸೆದ. ಇಲ್ಲಿ ಕೆಳಗಿನ ಸಂತೆಮರಹಳ್ಳಿ ರಸ್ತೆ ಹೇಗಿರುತ್ತದೆ, ನಿನಗೆ ಗೊತ್ತಲ್ಲ. ಬಸ್ಸು, ಆಟೋ, ಕಾಲೇಜು ಬಿಟ್ಟ ಹೊತ್ತು. ಜನರ ಬದುಕೆಲ್ಲ ಹಾಳೆ ಹಾಳೆಯಾಗಿ ಹಾರಿತು.

ಸೋಮಮ್ಮ ಕೆಳಗೆ ಓಡಿದಳು. ಕಣ್ಣಿಗೆ ರಕ್ತ ಇಳಿಯುತ್ತಿತ್ತು. ಸೆರಗು ಹಾಸಿ ಹಾಳೆ ಬಾಚಿಕೊಳ್ಳುತ್ತಾ, ಬಸ್ಸಿಗೆ ಅಡ್ಡ ನಿಂತು, "ಓದ್ಬ್ಯಾಡಿ! ಯಾರೂ ಓದ್ಬ್ಯಾಡಿ! ನಿಮ್ ದಮ್ಮಯ್ಯ!" ಎಂದು ಅರಚುತ್ತಿದ್ದಳಂತೆ. ಹಾಳೆ ಎತ್ತಿಕೊಂಡು ಕಣ್ಣಾಡಿಸುತ್ತಿದ್ದ ಒಬ್ಬನ ಕೈ ಕಚ್ಚಿದ್ದಾಳೆ. ಆಮೇಲೆ ಜನರೇ ಹಾಳೆಗಳನ್ನು ಮಗುಚಿ ಹಿಡಿದು ತಂದುಕೊಟ್ಟರು. ನಿಮ್ಮಣ್ಣನನ್ನು ಹಿಡಿದದ್ದೂ ಅವರೇ.

ಠಾಣೆಯಲ್ಲಿ ಅಧಿಕಾರಿ, ಅವನ ಹೆಂಡತಿಯ ಕಡತ ಕೊಟ್ಟರೆ ಕೇಸು ಗಟ್ಟಿಯಾಗುತ್ತದೆ ಎಂದರು. ಮುರಿದ ಕೈ ಇದೆ, ಸೋಮಮ್ಮನ ತಲೆ ಇದೆ, ಅಷ್ಟು ಸಾಕ್ಷಿ ಸಾಲದೇ ಎಂದೆ. ನ್ಯಾಯಾಧೀಶರು ಕೇಳಿದರೆ ಅವರ ಮುಂದೆ ಮಾತಾಡುತ್ತೇನೆ. ನಿನ್ನೆ ಅವನಿಗೆ ಜಾಮೀನು ಸಿಕ್ಕಿದೆಯಂತೆ.

ನಾನು ಬೇರೆಯವರ ಸಿಟ್ಟು ಇಳಿಸುವ ಕೆಲಸದವಳು. ಈಗ ದಿನಾ ಬೆಳಿಗ್ಗೆ ಎದ್ದಾಗ ಅದೇ ಸ್ಪ್ಯಾನರಿನಿಂದ ಅವನ ಕೈ ಜಜ್ಜಬೇಕೆನಿಸುತ್ತದೆ. ನಿನಗೆ ಅವನು ಅಣ್ಣ. ಆದರೂ ನಿನಗೇ ಬರೆಯುತ್ತಿದ್ದೇನೆ.

ಗೌರಿ


ಗುಂಡ್ಲುಪೇಟೆ
17 ಫೆಬ್ರವರಿ 2025

ಗೌರಿ,

ನಿನ್ನ ಕಾಗದವನ್ನು ಕಚೇರಿಯ ಶೌಚಾಲಯದಲ್ಲಿ ಓದಿ, ಅಲ್ಲೇ ಹರಿದು ನೀರು ಬಿಟ್ಟೆ. ಹೊರಗೆ ಬಂದು ಇಡೀ ದಿನ ಕಂಪ್ಯೂಟರಿನ ಮುಂದೆ ಕೂತಿದ್ದೆ. ನನ್ನ ಬೆರಳುಗಳನ್ನೇ ನೋಡುತ್ತಿದ್ದೆ.

ಅಣ್ಣ ಮನೆಯಲ್ಲಿದ್ದಾನೆ. ಕೇರಳಕ್ಕೆ ತರಕಾರಿ ಲೋಡು ಕಳಿಸುವುದನ್ನು ಬಿಟ್ಟು ಜಗಲಿಯ ಮೇಲೆ ಕೂತಿರುತ್ತಾನೆ. ಮೊನ್ನೆ ನಾನು ಬಂದಾಗ ಫೋನು ಕೇಳಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡ.

"ಪವೀ, ನೀನು ಬಸುರೀರ್ ವಿಚಾರ ಎಲ್ಲ ಕಂಪ್ಯೂಟ್ರಿಗೆ ಹಾಕ್ತೀಯಲ್ಲ, ಅದು ನಿಮ್ ಆಸ್ಪತ್ರೇದು ಮಾತ್ರವಾ, ಎಲ್ಲಾ ಊರ್ದೂವಾ?"

ನನಗೆ ಅರ್ಥವಾಯಿತು. "ನಮ್ದು ಮಾತ್ರ ಕಣಣ್ಣ" ಎಂದೆ.

"ಸುಳ್ಳ್ ಹೇಳ್ಬ್ಯಾಡ. ನಮ್ ಡ್ರೈವರ್ ಹೆಂಡ್ರು ತಾಯಿ ಕಾರ್ಡು ಇಲ್ಲಿ ಮಾಡ್ಸಿ ಅಲ್ಲೆಲ್ಲೋ ತವರಲ್ಲಿ ಸೂಜಿ ಹಾಕುಸ್ಕಂಡ್ಲು. ನಂಬರ್ ಹೊಡುದ್ರೆ ಎಲ್ಲಾ ಬತ್ತದೆ." ಜೇಬಿನಿಂದ ಫೋನು ತೆಗೆದ. ಅತ್ತಿಗೆಯ ತಾಯಿ ಕಾರ್ಡಿನ ಫೋಟೋ ಅದರಲ್ಲಿತ್ತು. "ತಗೋ ನಂಬರು. ಎಲ್ಲಿ ತೋರುಸ್ಕತಾವ್ಳೆ ಅಂತ ನೋಡ್ಕಂಡ್ ಬಾ. ನನ್ ಮಗ ಅವಳ ಹೊಟ್ಟೇಲವ್ನೆ."

ನಾನು ಮಾರನೇ ದಿನ ಆ ನಂಬರು ಹಾಕಿದೆ, ಗೌರಿ. ಅವನಿಗಾಗಿ ಅಲ್ಲ. ನೀನು ಹೇಳದೆ ಉಳಿಸಿದ ಒಂದು ಅಕ್ಷರ ನನಗೆ ಬೇಕಿತ್ತು. ಪರದೆಯ ಮೇಲೆ ಅವಳ ಹೆಸರು ಬಂತು. ಬದುಕಿದ್ದಾಳೆ. ರಕ್ತ ಕಮ್ಮಿ ಇದೆ. ಊರಿನ ಹೆಸರೂ ಬಂತು.

ಅದನ್ನು ಇಲ್ಲಿ ಬರೆಯಲು ಹೊರಟವಳು ಪೆನ್ನನ್ನು ಹಾಳೆಯಿಂದ ಎತ್ತಿಬಿಟ್ಟೆ. ಆ ಊರು ಈಗ ಬಾಯೊಳಗೆ ಬಿಸಿ ಅನ್ನದ ತುತ್ತಿನ ಹಾಗಿದೆ. ನುಂಗಲೂ ಆಗದು, ಉಗುಳಲೂ ಆಗದು. ಮನೆಗೆ ಹೋಗಿ ನೆಟ್‌ವರ್ಕ್ ಇರಲಿಲ್ಲ ಎಂದೆ. ಇನ್ನು ಎಷ್ಟು ದಿನ ನೆಟ್‌ವರ್ಕ್ ಇರುವುದಿಲ್ಲ?

ಪವಿತ್ರ


ಚಾಮರಾಜನಗರ
21 ಫೆಬ್ರವರಿ 2025

ಪವಿ,

ನನಗೂ ಹೇಳಬೇಡ. ಬರೆದ ಅಷ್ಟನ್ನೂ ನೀನು ಬರೆಯಬಾರದಿತ್ತು. ಆ ಹಾಳೆಯನ್ನು ಒಲೆಗೆ ಹಾಕಿದ್ದೇನೆ.

ನೀನು ನೋಡಿದ್ದು ತಪ್ಪು. ಆ ಹೆಂಗಸು ನಂಬರು ಕೊಟ್ಟದ್ದು ತನ್ನ ರಕ್ತ ಪರೀಕ್ಷೆಗೆ, ನಿನ್ನ ಸಮಾಧಾನಕ್ಕಲ್ಲ. ಬೈದು ಮುಗಿಸಿದೆ, ಇನ್ನು ಬೈಯುವುದಿಲ್ಲ. ನಾಳೆಯೇ ನಿಮ್ಮ ಡಾಕ್ಟರ ಬಳಿ ಹೋಗಿ ಇದ್ದದ್ದನ್ನು ಹೇಳು. ನಿನ್ನ ಕೈಗೆ ಆ ವಿವರಗಳು ಸಿಗದ ಹಾಗೆ ಮಾಡಲಿ. ಕೆಲಸ ಹೋದರೂ ಹೋಗಲಿ. ಹುಡುಕಲು ಆಗುವವಳು ನೀನು ಎಂದು ಅವನು ನಂಬಿರುವವರೆಗೆ ನಿನ್ನನ್ನು ಬಿಡುವುದಿಲ್ಲ.

ಆಮೇಲೆ ಆ ಮನೆ ಬಿಟ್ಟು ಬಾ. ನನ್ನ ಮನೆಯಲ್ಲಿ ಜಾಗವಿದೆ. ಅವ್ವನನ್ನು ಒಬ್ಬಳೇ ಬಿಟ್ಟು ಬರಲಾರೆ ಎನ್ನುತ್ತೀಯ, ಗೊತ್ತು.

ಇನ್ನೊಂದು ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಮೋಸ ಮಾಡಿದಳು ಎನ್ನಬೇಡ. ಕೋಣೆಗೆ ಬರುವವರಿಗೆಲ್ಲ ಮೊದಲ ದಿನವೇ ಹೇಳುವ ಮಾತು ಇದು. ನೀನು ನನಗೆ ಹೇಳಿದ್ದು ನನ್ನಲ್ಲೇ ಇರುತ್ತದೆ. ಆದರೆ ನಿನ್ನ ಜೀವಕ್ಕೆ ಅಪಾಯ ಎಂದು ನನಗೆ ಖಾತ್ರಿಯಾದರೆ ಇರುವುದಿಲ್ಲ. ಆಗ ಯಾರಿಗೆ ಹೇಳಬೇಕೋ ಅವರಿಗೆ ಹೇಳುತ್ತೇನೆ. ನಿನ್ನನ್ನು ಕೇಳದೆಯೂ.

ಗೌರಿ


ಗುಂಡ್ಲುಪೇಟೆ
24 ಮಾರ್ಚ್ 2025

ಗೌರಿ,

ಡಾಕ್ಟರಮ್ಮನಿಗೆ ಹೇಳಿದೆ. ಅವರು ಕಿರುಚಾಡಲಿಲ್ಲ, ಅದಕ್ಕೇ ಹೆಚ್ಚು ನಾಚಿಕೆಯಾಯಿತು. ಅವತ್ತೇ ನನ್ನ ಪಾಸ್‌ವರ್ಡ್ ಕಿತ್ತುಕೊಂಡು ಔಷಧಿ ದಾಸ್ತಾನಿನ ಕೋಣೆಗೆ ಹಾಕಿದರು. ಮೇಲಿನವರಿಗೂ ಬರೆದಿದ್ದಾರೆ.

ಅಣ್ಣನಿಗೆ, "ಇನ್ನ ನಂಗೆ ಕಂಪ್ಯೂಟ್ರು ಕೊಡಕಿಲ್ಲ" ಎಂದೆ. ಅವನು ನನ್ನ ಮುಖವನ್ನೇ ನೋಡಿದ. "ಕೊಡದಕ್ಕೆ ಮುಂಚೆ ನೋಡಿದ್ದೀಯ. ನಿನ್ ಕಣ್ಣಲ್ಲೇ ಕಾಣ್ತದೆ" ಎಂದ.

ಆಗಿನಿಂದ ಮನೆಯಲ್ಲಿ ಒಂದೊಂದು ದಿನ ಒಂದೊಂದು. ನನ್ನ ಬಟ್ಟೆಗಳನ್ನೆಲ್ಲ ಹಿತ್ತಿಲಿಗೆ ಎಸೆದು ಸುಟ್ಟ. ಅತ್ತಿಗೆ ಸಾಕಿದ್ದ ಮೇಕೆಯನ್ನು ನನ್ನ ಎದುರಿಗೇ ಕಡಿದ. ಒಂದೇ ಏಟಿಗೆ ಅಲ್ಲ. ಹೋದ ಭಾನುವಾರ ಒಲೆಯ ಮುಂದೆ ನನ್ನ ಮಣಿಕಟ್ಟು ಹಿಡಿದು ಬೆಂಕಿಯ ಮೇಲೆ ತಂದು, "ನಿನ್ ಫ್ರೆಂಡ್‌ದು ಬಲಗೈ ಒಂದೇ ಮುರುದೆ. ನೀನು ಒಡಹುಟ್ದೋಳು, ನಿಂದು ಎರಡೂ ತೆಗೀತೀನಿ" ಎಂದ. ಅಂಗೈಯಲ್ಲಿ ಬೊಬ್ಬೆ ಬಂದಿದೆ. "ಯುಗಾದಿ ಮುಗೀಲಿ. ಹಬ್ಬದ್ ಮನೇಲಿ ರಕ್ತ ಬ್ಯಾಡ. ಮಾರ್ನೇ ದಿನ ನೀನ್ ಹೇಳ್ಬೇಕು, ಇಲ್ಲ ನಾನ್ ನಿನ್ನ ಹೂಳ್ಬೇಕು." ಅವ್ವ ಅಲ್ಲೇ ಬೇಳೆ ಆರಿಸುತ್ತಿದ್ದಳು.

ಇದನ್ನು ಯಾರಿಗೂ ಹೇಳಬೇಡ. ನಿನ್ನ ದಮ್ಮಯ್ಯ. ಪೊಲೀಸರು ಮನೆ ಬಾಗಿಲಿಗೆ ಬಂದರೆ ಅವ್ವ ಬಾವಿಗೆ ಬೀಳುತ್ತಾಳೆ. ನಾನು ಹೇಗೋ ನೋಡಿಕೊಳ್ಳುತ್ತೇನೆ. ಅವನು ಬರೀ ಹೆದರಿಸುತ್ತಾನೆ ಅಷ್ಟೇ. ತಂಗಿ ಅಲ್ಲವಾ?

ಪವಿ


ಚಾಮರಾಜನಗರ
28 ಮಾರ್ಚ್ 2025

ಪವಿ,

ಹೇಳಬೇಡ ಎಂದೆ ನೀನು. ನಾನು ಹೇಳಿದೆ. ಈ ಊರಿನ ಠಾಣೆಗೂ ಗುಂಡ್ಲುಪೇಟೆಯ ಠಾಣೆಗೂ ಹೋಗಿ ಬಂದೆ. ನಿಮ್ಮ ಡಾಕ್ಟರಿಗೂ ತಿಳಿಸಿದೆ. ಅವನು ಜಾಮೀನಿನಲ್ಲಿದ್ದಾನೆ, ಏನಾದರೂ ಆದರೆ ನಿಮ್ಮನ್ನೇ ಕೇಳುತ್ತೇನೆ ಎಂದು ಅವರ ಮೇಜಿನ ಮೇಲೆ ನನ್ನ ಪ್ಲಾಸ್ಟರ್ ಕೈ ಇಟ್ಟು ಕೂತಿದ್ದೆ. ನಿನ್ನ ಸುಟ್ಟ ಅಂಗೈ ವಿಷಯ ಹೇಳಿದೆ, ಯುಗಾದಿಯ ಮಾತು ಹೇಳಿದೆ. ಊರಿನ ವಿಷಯ ಹೇಳಲಿಲ್ಲ, ಅದು ನನಗೆ ಗೊತ್ತೂ ಇಲ್ಲ.

ನನ್ನ ಮೇಲೆ ಸಿಟ್ಟಾಗಲು ನೀನು ಬದುಕಿರಬೇಕು. ಆಗು.

ಗೌರಿ


ಮೈಸೂರು, ಆಸ್ಪತ್ರೆ
22 ಏಪ್ರಿಲ್ 2025

ಗೌರಿ,

ದವಡೆಗೆ ತಂತಿ ಹಾಕಿದ್ದಾರೆ. ಮಾತಾಡಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಬಂದು ಹೋದ ದಿನ ನನಗೆ ಎಚ್ಚರವಿರಲಿಲ್ಲವಂತೆ.

ಯುಗಾದಿ ಮಾರನೇ ದಿನ ಪೊಲೀಸಿನವರು ಇಬ್ಬರು ಬೆಳಿಗ್ಗೆಯೇ ಬಂದಿದ್ದರು. ಅಣ್ಣ ಅವರಿಗೆ ಒಬ್ಬಟ್ಟು ಕೊಟ್ಟು ನಗುತ್ತಾ ಮಾತಾಡಿ ಕಳಿಸಿದ. ನಾನು ಒಳಗಿನಿಂದ ಕೂಗಬಹುದಿತ್ತು. ಕೂಗಲಿಲ್ಲ. ಸಂಜೆ ದನ ಮನೆಗೆ ಬರುವ ಹೊತ್ತಿಗೆ ಬಾಗಿಲು ಹಾಕಿದ.

ಲಾರಿ ಲೋಡು ಕಟ್ಟುವ ಹಗ್ಗದಲ್ಲಿ ನಡುಮನೆಯ ಕಂಬಕ್ಕೆ ಕಟ್ಟಿದ. ಬೆಲ್ಟು ಸಾಕಾಗಲಿಲ್ಲ, ಕಾಲಿನಲ್ಲಿ ಒದ್ದ. ಕಿವಿಯ ಮೇಲೆ ಒದ್ದಾಗ ಎಡಗಡೆಯ ಲೋಕವೆಲ್ಲ ನಿಂತುಹೋಯಿತು. "ಹೇಳಮ್ಮಿ! ಊರ್ ಹೆಸ್ರು ಹೇಳು!" ಅವ್ವ ನನ್ನ ಕಾಲು ಹಿಡಿದು ಅಳುತ್ತಿದ್ದಳು. "ಹೇಳ್ಬುಡು ಕಣಮ್ಮಿ, ಸಾಯ್ತೀಯ. ಯಾರ್ ಮನೆ ಹೆಣ್ಗಾಗಿ ಸಾಯ್ತೀಯೆ?"

ನೋವಿನಲ್ಲಿ ಬಾಯಿ ತಾನಾಗಿ ತೆರೆಯುತ್ತದೆ, ನಿನಗೆ ಗೊತ್ತು. ಸುಮ್ಮನಿರಲು ನನಗೆ ಆಗಲಿಲ್ಲ. ಆ ಹೆಸರು ಜಾರಿಬಿಡುತ್ತದೆಂದು ಬೇರೆ ಹೆಸರುಗಳನ್ನು ಕೂಗತೊಡಗಿದೆ. ಬೇಗೂರು ಎಂದೆ. ತೆರಕಣಾಂಬಿ ಎಂದೆ. ಬರಗಿ, ಬೊಮ್ಮಲಾಪುರ, ಕಬ್ಬಹಳ್ಳಿ, ಪಡಗೂರು, ಕೂತನೂರು. ಇಷ್ಟು ವರ್ಷ ಕಂಪ್ಯೂಟರಿಗೆ ಹೊಡೆದ ಊರುಗಳೆಲ್ಲ ಒಂದರ ಹಿಂದೆ ಒಂದು ಬಂದವು. ಅವನು ಒಂದು ಕ್ಷಣ ನಿಂತ. "ಇದ್ರಲ್ ಯಾವ್ದಮ್ಮಿ?" ಎಂದ. ನಾನು ಮತ್ತೆ ಬೇಗೂರಿನಿಂದ ಶುರು ಮಾಡಿದೆ. ಎಲ್ಲಾ ಊರನ್ನೂ ಹೇಳಿದೆ, ಅದೊಂದನ್ನು ಬಿಟ್ಟು. ಹಲ್ಲು ಬಿದ್ದ ಮೇಲೂ ಹೇಳುತ್ತಿದ್ದೆ. ಆಮೇಲೆ ದವಡೆ ಮುರಿಯಿತು, ಹೆಸರುಗಳು ಬರೀ ಗಾಳಿಯಾದವು. ಹೆಸರು ಸಿಗಲಿಲ್ಲ ಎಂಬ ಸಿಟ್ಟಿಗೆ ಹೆಸರು ಹೇಳುವ ಬಾಯಿಯನ್ನೇ ಒಡೆದುಬಿಟ್ಟ.

ಅವನು ಮಚ್ಚು ತರಲು ಹಿತ್ತಿಲಿಗೆ ಹೋದದ್ದು ನೆನಪಿದೆ. ಜೀಪಿನ ಸದ್ದು ನನಗೆ ಕೇಳಲಿಲ್ಲ. ನೀನು ಮೊದಲೇ ತಿಳಿಸಿದ್ದರಿಂದ, ನಮ್ಮ ಡಾಕ್ಟರಮ್ಮ ನಾನು ಕೆಲಸಕ್ಕೆ ಬಂದಿಲ್ಲವೆಂದು ಠಾಣೆಗೆ ತಾವೇ ಹೋಗಿ ಜೀಪಿನಲ್ಲಿ ಕೂತು ಬಂದರಂತೆ. ಬಾಗಿಲನ್ನು ಕೇರಿಯ ಜನ ಒಡೆದರು. ಮಚ್ಚಿನ ಸಮೇತ ಹಿಡಿದಿದ್ದಾರೆ. ಈ ಸಲ ಜಾಮೀನು ಸಿಕ್ಕಿಲ್ಲ.

ನನ್ನ ಮಾತು ಮುರಿದು ಅವರಿಗೆಲ್ಲ ಹೇಳಿದೆಯಲ್ಲ, ಸಿಟ್ಟಾಗಲು ಪ್ರಯತ್ನಪಟ್ಟೆ. ಆಗುತ್ತಿಲ್ಲ.

ಪವಿ


ಚಾಮರಾಜನಗರ
6 ಮೇ 2025

ಪವಿ,

ಎರಡನೇ ಆಪರೇಷನ್ನಿನ ಪ್ಲಾಸ್ಟರನ್ನೂ ತೆಗೆದರು. ಎರಡು ಬೆರಳು ಇನ್ನು ಮಡಿಸಲಾಗದು ಎಂದರು. ಈ ಕಾಗದವನ್ನು ಬಲಗೈಯಲ್ಲೇ ಬರೆದಿದ್ದೇನೆ, ಎಡಗೈಯದಕ್ಕಿಂತ ಕೆಟ್ಟದಾಗಿದೆ.

ಕೋಣೆಯನ್ನು ಮತ್ತೆ ತೆರೆದಿದ್ದೇನೆ. ಮೊದಲ ವಾರ ಯಾರೂ ಬರಲಿಲ್ಲ. ತಮ್ಮ ಹಾಳೆ ರಸ್ತೆಯಲ್ಲಿ ಹಾರಿತೆಂಬ ಭಯ ಅವರಿಗೆ, ಅದು ನ್ಯಾಯವೇ. ಒಬ್ಬೊಬ್ಬರ ಬಳಿಯೂ ಕ್ಷಮೆ ಕೇಳಿದ್ದೇನೆ. ಈಗ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತುತ್ತಿದ್ದಾರೆ. ಸೋಮಮ್ಮ ಹಣೆಯ ಹೊಲಿಗೆಯ ಗುರುತಿನ ಮೇಲೆ ಕುಂಕುಮ ಇಟ್ಟುಕೊಂಡು ಬಾಗಿಲಲ್ಲಿ ಕೂತಿರುತ್ತಾಳೆ.

ನ್ಯಾಯಾಲಯದಲ್ಲಿ ಅವನ ವಕೀಲರು ನಿನ್ನನ್ನು ಆ ಊರಿನ ಬಗ್ಗೆ ಕೇಳಬಹುದು. ಹೆದರಬೇಡ. ಕೇಸು ಅವನು ನಿನಗೆ ಮಾಡಿದ್ದರ ಮೇಲೆ.

ಊಟ ಅಗಿಯಲು ಬರುವಾಗ ಬಾ.

ಗೌರಿ


ಗುಂಡ್ಲುಪೇಟೆ
14 ಜುಲೈ 2025

ಗೌರಿ,

ಮಾರುಕಟ್ಟೆಯ ಹಿಂದೆ ಒಂದು ಕೋಣೆ ಮಾಡಿದ್ದೇನೆ. ಈರುಳ್ಳಿ ಲೋಡಾಗುವ ವಾಸನೆ ಇಡೀ ದಿನ. ಔಷಧಿ ದಾಸ್ತಾನಿನ ಕೆಲಸ ಉಳಿದಿದೆ, ಎಚ್ಚರಿಕೆಯ ಪತ್ರ ಕೊಟ್ಟು ಬಿಟ್ಟಿದ್ದಾರೆ. ಎಡಗಿವಿ ಇನ್ನು ಕೇಳಿಸುವುದಿಲ್ಲವಂತೆ. ಹಾಗಾಗಿ ಲಾರಿಗಳ ಸದ್ದು ಅರ್ಧ ಮಾತ್ರ.

ನಿನ್ನೆ ಅವ್ವ ಬಂದಿದ್ದಳು. ಇಷ್ಟು ದಿನ ಬಂದಿರಲಿಲ್ಲ. ಹಂಗಳದಿಂದ ಬಸ್ಸಿನಲ್ಲಿ ಒಬ್ಬಳೇ. ಹುಚ್ಚೆಳ್ಳು ಪುಡಿ ತಂದಿದ್ದಳು. ನಾನು ಮೆತ್ತಗೆ ಉಣ್ಣುವುದನ್ನು ನೋಡುತ್ತಾ ಕೂತಿದ್ದು, ಆಮೇಲೆ ಕೇಳಿದಳು.

"ಅವ್ಳಿಗೆ ಹೆರಿಗೆ ಆಯ್ತೇನಮ್ಮಿ?"

ನಾನು ಇನ್ನೊಂದು ತುತ್ತು ಕಲಸಿದೆ.

"ಗಂಡಾ, ಹೆಣ್ಣಾ? ನಾನ್ ಯಾರ್ಗೂ ಹೇಳಕಿಲ್ಲ. ಅವನ್ನ ನೋಡಕ್ಕೆ ಜೈಲ್ಗೂ ಓಗಕಿಲ್ಲ ನಾನು. ಬಾಣಂತಿ ಚೆನ್ನಾಗವ್ಳಾ, ಅಷ್ಟ್ ಹೇಳು."

ನನಗೆ ಈಗ ಏನೂ ಗೊತ್ತಿಲ್ಲವೆಂಬುದು ನಿನಗೆ ಗೊತ್ತು. ಪಾಸ್‌ವರ್ಡ್ ಹೋದ ಮೇಲೆ ಏನನ್ನೂ ನೋಡಿಲ್ಲ. ಗೊತ್ತಿಲ್ಲವೆಂದೇ ಹೇಳಬಹುದಿತ್ತು. ಆದರೆ ಗೊತ್ತಿದ್ದರೂ ನಾನು ಹೇಳುವವಳಲ್ಲ ಎಂಬುದು ಅವಳಿಗೆ ತಿಳಿಯಲಿ ಎನಿಸಿತು.

"ಹೇಳಕಿಲ್ಲ ಕಣವ್ವ" ಎಂದೆ.

"ಹೆತ್ತೋಳ್ಗೂವಾ?"

"ನಿಂಗೂವೆ."

ಎದ್ದು ಹೋಗುತ್ತಾಳೆಂದುಕೊಂಡೆ. ಬೈಯುತ್ತಾಳೆಂದುಕೊಂಡೆ. ಅವಳು ನನ್ನ ಮುಖ ನೋಡಿದಳು, ದವಡೆ ಕೂಡಿಕೊಂಡ ಜಾಗವನ್ನು. ಆಮೇಲೆ ಎದ್ದು ಬಾಗಿಲು ಮುಚ್ಚಿ, ನನ್ನ ಬಲಗಡೆಗೆ ಬಂದು ಕೂತಳು.

"ಅಷ್ಟ್ ಒದ್ರೂ ನೀನ್ ಹೇಳ್ನಿಲ್ಲ" ಎಂದಳು. "ಹಂಗಾರೆ ನಿಂಗೊಂದ್ ಹೇಳ್ತೀನಿ. ನಿಮ್ಮಪ್ಪ ಇದ್ದಾಗಿಂದು. ನನ್ ತಾಯ್ಗೂ ಹೇಳಿಲ್ಲ ನಾನು ಇದ್ನ."

ಬಲಗಿವಿಯ ಹತ್ತಿರ ಬಾಯಿ ತಂದು ಮೆಲ್ಲಗೆ ಶುರು ಮಾಡಿದಳು. ಹೇಳುತ್ತಾ ಹೇಳುತ್ತಾ ಸಂಜೆಯಾಯಿತು. ನಡುವೆ ಒಂದು ಸಲ ಸೀರೆಯನ್ನು ಬೆನ್ನಿನಿಂದ ಸರಿಸಿ ಹಳೆಯ ಬರೆಗಳನ್ನು ತೋರಿಸಿದಳು. ಆ ಮನೆಯಲ್ಲಿ ಹುಟ್ಟಿ ಬೆಳೆದು ಮೂವತ್ತು ವರ್ಷವಾದರೂ ನಾನು ಅವ್ವನ ಬೆನ್ನನ್ನು ನೋಡಿರಲೇ ಇಲ್ಲ.

ಅವಳು ಹೇಳಿದ್ದೇನೆಂದು ನಿನಗೂ ಬರೆಯುವುದಿಲ್ಲ, ಗೌರಿ. ಹೇಳಿ ಮುಗಿಸಿ ನನ್ನ ಚಾಪೆಯ ಮೇಲೆ ಕಾಲು ಮಡಿಸಿ ಮಲಗಿದಳು. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗಲೂ ಮಲಗಿಯೇ ಇದ್ದಳು. ಎಬ್ಬಿಸಲಿಲ್ಲ.

ಪವಿತ್ರ